ಮಳೆ ಹಿಡಿದ ಮೇಲೆ ಗಿಟಾರ್ ಗುಂಯ್ ಅಂತಿದೆ, ನೆಕ್ ಪಿಕಪ್ ಸದ್ದೇ ಇಲ್ಲ

ನಾಪೋಕ್ಲು_ನೈಟ್ಸ್

ಎಲ್ಲರಿಗೂ ನಮಸ್ಕಾರ. ನನ್ನದು ಸ್ಟ್ರಾಟ್ (ಸ್ಟ್ರಾಟೋಕಾಸ್ಟರ್) ಮಾದರಿಯ ಎಲೆಕ್ಟ್ರಿಕ್ ಗಿಟಾರ್. ಮೂರು ಸಿಂಗಲ್ ಕಾಯಿಲ್ ಪಿಕಪ್ (ತಂತಿಯ ಕಂಪನ ಹಿಡಿಯುವ ಭಾಗ; ಕುತ್ತಿಗೆ ಹತ್ತಿರದ್ದು ನೆಕ್, ನಡುವಿನದ್ದು ಮಿಡಲ್, ತಂತಿ ಕೂರುವ ಬುಡದ ಹತ್ತಿರದ್ದು ಬ್ರಿಡ್ಜ್), ಐದು ಪೊಸಿಷನ್ ಸ್ವಿಚ್, ಒಂದು ವಾಲ್ಯೂಮ್, ಎರಡು ಟೋನ್. ಬೇಸಿಗೆಯಲ್ಲಿ ಚೆನ್ನಾಗೇ ಇತ್ತು. ಮಳೆ ಗಟ್ಟಿ ಹಿಡಿದ ಮೇಲೆ ಕಾಟ ಶುರು.

ಸ್ವಿಚ್ಚನ್ನು ಪೂರ್ತಿ ನೆಕ್ ಕಡೆ ತಳ್ಳಿದರೆ ಸದ್ದಿಲ್ಲ. ಬೆರಳಲ್ಲಿ ಒತ್ತಿ ಹಿಡಿದರೆ ಒಮ್ಮೊಮ್ಮೆ ಚರ್ ಅಂತ ಬಂದು ಹೋಗ್ತದೆ. ವಾಲ್ಯೂಮ್ ತಿರುಗಿಸಿದರೆ ಕರಕರ. ಜೊತೆಗೆ ಆಂಪ್‌ನಲ್ಲಿ (ಆಂಪ್ಲಿಫೈಯರ್) ಗುಂಯ್ ಅನ್ನೋ ಸದ್ದು. ಮೊದಲೂ ಸ್ವಲ್ಪ ಇತ್ತು, ಆದರೆ ತಂತಿ ಮುಟ್ಟಿದ ಕೂಡಲೇ ತಗ್ಗುತ್ತಿತ್ತು. ಈಗ ಮುಟ್ಟಿದರೂ ಅಷ್ಟೇ, ಬಿಟ್ಟರೂ ಅಷ್ಟೇ.

ಒಂದು ಅಂಗಡಿಗೆ ಫೋನ್ ಮಾಡಿ ಕೇಳಿದೆ. "ಪಿಕಪ್ ಹೋಗಿದೆ, ಮೂರೂ ಬದಲಾಯಿಸ್ಬೇಕು, ತಂದು ಕೊಟ್ಟು ಹೋಗಿ" ಅಂದರು. ಗಿಟಾರ್ ನೋಡದೆಯೇ! ಕೈಲ್ ಪೊಳ್ದ್ ಹಬ್ಬದ ಹೊತ್ತಿಗೆ ಊರಲ್ಲಿ ಒಂದು ಕಾರ್ಯಕ್ರಮ ಇದೆ, ಅಷ್ಟರೊಳಗೆ ಸರಿಯಾಗ್ಬೇಕು. ಮಲ್ಟಿಮೀಟರ್ ಇದೆ, 25 ವ್ಯಾಟಿನ ಸೋಲ್ಡರಿಂಗ್ ಐರನ್ ಇದೆ. ಮನೆಯಲ್ಲೇ ಆಗುವ ಕೆಲಸವಾ?

ಆರು_ತಂತಿ

ಖಂಡಿತ ಆಗುವ ಕೆಲಸ. ನಾನು ವಿರಾಜಪೇಟೆಯಲ್ಲಿ ಚರ್ಚ್ ಕ್ವಾಯರ್‌ಗೆ ನುಡಿಸೋನು, ಮಳೆಗಾಲದಲ್ಲಿ ನನ್ನ ಕೈಗೆ ಬರುವ ಗಿಟಾರ್‌ಗಳ ಕಥೆ ಹೆಚ್ಚುಕಮ್ಮಿ ಇದೇ.

ಮೊದಲು ಆ ಅಂಗಡಿಯವರ ಮಾತು ಬಿಡಿ. ಪಿಕಪ್ ಅಂದರೆ ಮ್ಯಾಗ್ನೆಟ್ ಸುತ್ತ ಕೂದಲೆಳೆಯಂಥ ತಾಮ್ರದ ತಂತಿ, ಸಾವಿರಾರು ಸುತ್ತು. ಅದರಲ್ಲಿ ಹುಟ್ಟೋದು ಮಿಲಿವೋಲ್ಟ್ ಲೆಕ್ಕದ ಸಿಗ್ನಲ್. ಸುಟ್ಟುಹೋಗೋಕೆ ಅಲ್ಲಿ ಏನೂ ಇಲ್ಲ. ತಂತಿ ಎಲ್ಲೋ ತುಂಡಾಗಿ ಒಂದು ಪಿಕಪ್ ಸಾಯಬಹುದು, ಅದೂ ಅಪರೂಪ. ಮೂರೂ ಒಟ್ಟಿಗೆ ಹೋಗಿದೆ ಅಂದರೆ ಹೇಳಿದವರಿಗೆ ವ್ಯಾಪಾರದ ಅರ್ಜೆಂಟ್ ಅಷ್ಟೇ.

ಗಿಟಾರ್ ಬಿಚ್ಚಬೇಡಿ ಇನ್ನೂ. ಕೇಬಲ್‌ನ ಒಂದು ತುದಿ ಗಿಟಾರ್‌ಗೆ ಹಾಕಿ, ಇನ್ನೊಂದು ತುದಿ ಆಂಪ್‌ಗೆ ಬೇಡ, ಕೈಯಲ್ಲೇ ಇರಲಿ. ಮೀಟರನ್ನು ಓಮ್‌ನಲ್ಲಿ 20 ಕೆ (ಕಿಲೋ ಓಮ್) ಗೆ ತಿರುಗಿಸಿ. ಕೆಂಪು ಪ್ರೋಬ್ ಪಿನ್ನಿನ ಮೂತಿಗೆ, ಕಪ್ಪು ಪ್ರೋಬ್ ಪಿನ್ನಿನ ಕಪ್ಪು ಗೆರೆಯ ಆಚೆಗಿನ ಉದ್ದ ಭಾಗಕ್ಕೆ. ವಾಲ್ಯೂಮ್ ಪೂರ್ತಿ 10. ಈಗ ಸ್ವಿಚ್ಚನ್ನು ಬ್ರಿಡ್ಜ್ ಕಡೆಯಿಂದ ಒಂದೊಂದೇ ಹೆಜ್ಜೆ ಸರಿಸ್ತಾ ಐದು ಅಂಕಿ ಬರೆದುಕೊಳ್ಳಿ.

ಸಿಂಗಲ್ ಕಾಯಿಲ್ ಒಂದೇ ಇದ್ದಾಗ 5.5ರಿಂದ 7 ಕೆ ಒಳಗೆ ಬರಬೇಕು. ಎರಡನೇ, ನಾಲ್ಕನೇ ಪೊಸಿಷನ್‌ನಲ್ಲಿ ಎರಡೆರಡು ಪಿಕಪ್ ಪ್ಯಾರಲಲ್ ಆಗುತ್ತವೆ, ಹಾಗಾಗಿ ಅದರ ಅರ್ಧ, 3 ಕೆ ಆಸುಪಾಸು. (ಹಂಬಕರ್, ಅಂದರೆ ಎರಡು ಕಾಯಿಲ್‌ನ ಪಿಕಪ್, ಇರುವವರು ಓದ್ತಿದ್ದರೆ ನಿಮಗೆ 7ರಿಂದ 9 ಕೆ ಮಾಮೂಲು, ಗಟ್ಟಿ ಔಟ್‌ಪುಟ್‌ನವಾದರೆ 15 ದಾಟಿದರೂ ಗಾಬರಿ ಬೇಡ.) ಕೊನೆಗೆ ವಾಲ್ಯೂಮ್ ಸೊನ್ನೆಗೆ ಇಳಿಸಿ. ಮೀಟರ್ ಕೂಡ ಸೊನ್ನೆಗೆ ಬರಬೇಕು.

ಅಂಕಿ ಇಲ್ಲಿ ಹಾಕಿ, ಆಮೇಲೆ ಮಾತಾಡೋಣ. ಹಾಂ, ಮುಖ್ಯವಾದದ್ದು: ಬೇರೆ ಕೇಬಲ್ ಹಾಕಿ ನೋಡಿದ್ದೀರಾ?

ಪೊನ್ನಂಪೇಟೆ_ಪೆಂಟಟೋನಿಕ್

ಬ್ರೋ, ಡಬ್ಲ್ಯೂಡಿ-40 ಹೊಡೆದರೆ ಮುಗೀತಲ್ಲ? ನಮ್ಮ ಮನೇಲಿ ಬೈಕ್ ಚೈನಿಗೂ ಅದೇ, ಕೋವಿಗೂ ಅದೇ 😄

ರೇಡಿಯೋ_ಮಾವ

ಕೋವಿಗೆ ಹೊಡಿ ಮಗಾ, ಪಾಟ್‌ಗೆ (ವಾಲ್ಯೂಮ್, ಟೋನ್ ಗುಂಡಿಯ ಅಡಿಯ ಭಾಗ) ಬೇಡ. ಗೋಣಿಕೊಪ್ಪದಲ್ಲಿ ರೇಡಿಯೋ, ಟಿವಿ ರಿಪೇರಿ ಮಾಡಿಕೊಂಡೇ ತಲೆ ಹಣ್ಣಾದವನು ನಾನು, ಅದಕ್ಕೇ ಹೇಳ್ತೇನೆ. ಮಾಮೂಲಿ ಡಬ್ಲ್ಯೂಡಿ-40 ಎಣ್ಣೆಯ ಪಸೆ ಬಿಟ್ಟು ಹೋಗ್ತದೆ. ಹೊಡೆದ ದಿನ ಕರಕರ ನಿಲ್ತದೆ, ಆಮೇಲೆ ಆ ಪಸೆಗೆ ಧೂಳು ಕೂತು ಕಾರ್ಬನ್ ಟ್ರ್ಯಾಕ್ ಮೇಲೆ ಮಡ್ಡಿ ಕಟ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಅಂತಲೇ ಬೇರೆ ಡಬ್ಬಿ ಸಿಗ್ತದೆ, ಅದೇ ಕಂಪನಿಯದ್ದೂ ಇದೆ, ಹೆಸರು ಓದಿ ತಗೊಳ್ಳಬೇಕು. ಪಾಟ್‌ನ ಕಾಲುಗಳ ಮೇಲೆ ಸಣ್ಣ ಕಿಂಡಿ ಇರ್ತದೆ. ಕೊಳವೆ ಅಲ್ಲಿಟ್ಟು ಒಂದು ಚಿಟಿಕೆ ಹೊಡೆದು, ಗುಂಡಿಯನ್ನು ಈ ತುದಿಯಿಂದ ಆ ತುದಿಗೆ ಹತ್ತಿಪ್ಪತ್ತು ಸಲ ತಿರುಗಿಸು. ಮೇಲಿನಿಂದ, ಗುಂಡಿಯ ಸಂದಿಯಲ್ಲಿ ಹೊಡೆದರೆ ಪಾಟ್ ಒಳಗೆ ಹೋಗೋದಿಲ್ಲ, ಪಿಕ್‌ಗಾರ್ಡ್ (ಗಿಟಾರ್ ಮುಂಭಾಗದ ಪ್ಲಾಸ್ಟಿಕ್ ಹಲಗೆ) ತೊಳೆದ ಹಾಗೆ ಆಗ್ತದೆ ಅಷ್ಟೇ.

ನಾಪೋಕ್ಲಿನವರೇ, ನೀವು ಬರೆದದ್ದರಲ್ಲಿ ನನಗೆ ಕಂಡದ್ದು ಬೇರೆ. ತಂತಿ ಮುಟ್ಟಿದರೆ ಸದ್ದು ತಗ್ಗುತ್ತಿತ್ತು, ಈಗ ತಗ್ಗುವುದಿಲ್ಲ ಅಂದಿರಿ. ಇನ್ನೊಂದು ಪರೀಕ್ಷೆ ಮಾಡಿ. ಆಂಪ್ ಹಾಕಿ, ತಂತಿ ಬಿಟ್ಟು, ಜ್ಯಾಕಿಗೆ ಚುಚ್ಚಿದ ಕೇಬಲ್ ಪಿನ್ನಿನ ಲೋಹದ ಕವಚ ಮುಟ್ಟಿ. ಆಗ ಸದ್ದು ತಗ್ಗಿದರೆ ಬ್ರಿಡ್ಜಿಗೆ ಹೋಗುವ ಗ್ರೌಂಡ್ ವೈರ್ ಕಿತ್ತಿದೆ ಅಂತಲೇ ಅರ್ಥ.

ಫೇಸ್_ನ್ಯೂಟ್ರಲ್

ಒಂದು ನಿಮಿಷ. ಆ ಲೋಹ ಮುಟ್ಟುವ ಪರೀಕ್ಷೆ ಮಾಡುವ ಮೊದಲು ನಿಮ್ಮ ಸಾಕೆಟ್‌ನಲ್ಲಿ ಅರ್ತಿಂಗ್ ಇದೆಯಾ ಖಾತ್ರಿ ಮಾಡ್ಕೊಳ್ಳಿ. ಸುಂಟಿಕೊಪ್ಪ ಸುತ್ತಮುತ್ತ ವೈರಿಂಗ್ ಮಾಡೋನು ನಾನು. ಎಸ್ಟೇಟ್ ಕಡೆಯ ಹಳೇ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇರ್ತದೆ, ಮೇಲಿನ ತೂತಿಗೆ ವೈರೇ ಬಂದಿರೋದಿಲ್ಲ. ನೋಡೋಕೆ ಎಲ್ಲ ಸರಿ.

ಗಿಟಾರ್ ಒಳಗೆ ಶಾಕ್ ಹೊಡೆಯುವಂಥದ್ದು ಏನೂ ಇಲ್ಲ, ಅದು ನಿಜ. ಆದರೆ ಗಿಟಾರ್ ತಂತಿ, ಬ್ರಿಡ್ಜ್, ಜ್ಯಾಕ್, ಕೇಬಲ್‌ನ ಶೀಲ್ಡ್ ಎಲ್ಲ ಸೇರಿ ಆಂಪ್‌ನ ಚಾಸಿಗೆ ಹೋಗಿ ಕೂರ್ತದೆ. ಅಂದರೆ ನಿಮ್ಮ ಎಡಗೈ ಆಂಪ್‌ನ ಬಾಡಿ ಮುಟ್ಟಿದ ಲೆಕ್ಕ. ಆಂಪ್‌ಗೆ ಅರ್ತಿಂಗ್ ಸಿಗದಿದ್ದರೆ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳಿಂದಾಗಿ ಬಾಡಿ ಮೇಲೆ ಸುಮಾರು ಅರ್ಧ ವೋಲ್ಟೇಜ್, 110–115ರ ಹತ್ತಿರ, ತೇಲ್ತಾ ಇರ್ತದೆ. ಕರೆಂಟ್ ಕಮ್ಮಿ, ಜುಂ ಅನ್ನಿಸ್ತದೆ ಅಷ್ಟೇ. ಆಂಪ್ ಒಳಗೆ ಇನ್ಸುಲೇಷನ್ ಹೋಗಿದ್ದರೆ ಮಾತ್ರ ಜುಂ ಅಲ್ಲ, ಜೀವ ಹೋಗ್ತದೆ. 1972ರಲ್ಲಿ ಸ್ಟೋನ್ ದ ಕ್ರೋಸ್ ಬ್ಯಾಂಡಿನ ಗಿಟಾರಿಸ್ಟ್ ಲೆಸ್ ಹಾರ್ವಿ ಬ್ರಿಟನ್ನಿನ ಸ್ವಾನ್ಸಿಯಲ್ಲಿ ವೇದಿಕೆ ಮೇಲೇ ಹೋದ. ಗ್ರೌಂಡ್ ಸರಿಯಿಲ್ಲದ ಮೈಕ್ ಮುಟ್ಟಿದ್ದೇ ಕಾರಣ.

ಸಾಕೆಟ್‌ನಲ್ಲಿ ಫೇಸ್–ನ್ಯೂಟ್ರಲ್ 230 ಇದ್ದರೆ ಫೇಸ್–ಅರ್ತ್ ಕೂಡ ಹೆಚ್ಚುಕಮ್ಮಿ ಅಷ್ಟೇ ಇರಬೇಕು, ನ್ಯೂಟ್ರಲ್–ಅರ್ತ್ ಒಂದೆರಡು ವೋಲ್ಟ್. ಫೇಸ್–ಅರ್ತ್ 80, 120 ಅಂತ ಏನೇನೋ ತೋರಿಸಿದರೆ ಅರ್ತ್ ವೈರ್ ಗಾಳಿಯಲ್ಲಿದೆ. ಇದನ್ನ ನೀವೇ ಅಳೆಯೋಕೆ ಹೋಗಬೇಡಿ, ಅಭ್ಯಾಸ ಇಲ್ಲದಿದ್ದರೆ ಊರಿನ ಲೈನ್ ಗೊತ್ತಿರೋ ಎಲೆಕ್ಟ್ರಿಶಿಯನ್‌ಗೆ ಹೇಳಿ, ಐದು ನಿಮಿಷದ ಕೆಲಸ.

ನಾಪೋಕ್ಲು_ನೈಟ್ಸ್

ನಿನ್ನೆ ಇಡೀ ದಿನ ಕರೆಂಟ್ ಇರಲಿಲ್ಲ, ಲೈನ್ ಮೇಲೆ ಮರ ಬಿದ್ದಿತ್ತು. ಮೀಟರ್ ಕೆಲಸಕ್ಕೆ ಕರೆಂಟ್ ಬೇಡವಲ್ಲ, ಅದನ್ನು ಮುಗಿಸಿದೆ. ಕೇಬಲ್ ಬೇರೆಯದ್ದೇ ಹಾಕಿದ್ದು.

ಬ್ರಿಡ್ಜ್ 6.2. ಎರಡನೇದು 3.0. ಮಿಡಲ್ 5.8. ನಾಲ್ಕನೇದು 5.8. ನೆಕ್‌ಗೆ ಬಂದಾಗ ಎಡಗಡೆ ಬರೀ 1 ಅಂತ (ಅಳತೆ ಮೀರಿದ ಗುರುತು) ನಿಂತುಬಿಡ್ತು. ಮೀಟರ್‌ನ 2000 ಕೆ ಗೆ ತಿರುಗಿಸಿದಾಗ 243 ತೋರಿಸ್ತು. ವಾಲ್ಯೂಮ್ ಸೊನ್ನೆ ಮಾಡಿದರೆ ಸೊನ್ನೆಗೆ ಬರ್ತದೆ, ಮಧ್ಯೆ ಅಂಕಿ ಕುಣೀತದೆ.

ಕರೆಂಟ್ ಬಂದ ಮೇಲೆ ನಮ್ಮ ಎಲೆಕ್ಟ್ರಿಶಿಯನ್ ಬಂದು ನೋಡಿದ್ರು. ಹಾಲ್‌ನ ಸಾಕೆಟ್ ಸರಿ ಇದೆ. ನಾನು ಆಂಪ್ ಹಾಕುವ ರೂಮಿನದ್ದರಲ್ಲಿ ಅರ್ತ್ ಇಲ್ಲವೇ ಇಲ್ಲ! ಹಾಲ್‌ನಲ್ಲಿ ಆಂಪ್ ಹಾಕಿ ಮಾವ ಹೇಳಿದ ಪರೀಕ್ಷೆ ಮಾಡಿದೆ. ಪಿನ್ನಿನ ಕವಚ ಮುಟ್ಟಿದರೆ ಸದ್ದು ತಗ್ಗುತ್ತದೆ, ತಂತಿ ಮುಟ್ಟಿದರೆ ಇಲ್ಲ.

ಆರು_ತಂತಿ

ಎಷ್ಟು ಚೆಂದದ ರೀಡಿಂಗ್. ನಾಲ್ಕನೇ ಪೊಸಿಷನ್ ನೋಡಿ, ಅಲ್ಲೇ ಉತ್ತರ ಇದೆ. ಅಲ್ಲಿ ಮಿಡಲ್ ಮತ್ತು ನೆಕ್ ಎರಡೂ ಸೇರಿ 3 ಕೆ ಹತ್ತಿರ ಬರಬೇಕಿತ್ತು. ಬಂದದ್ದು 5.8, ಅಂದರೆ ಮಿಡಲ್ ಒಂದೇ ಕೂತಿದೆ. ನೆಕ್ ಸರ್ಕ್ಯೂಟಿಗೇ ಬರ್ತಿಲ್ಲ. ಐದನೇದರಲ್ಲಿ ಕಂಡ 243 ಏನು ಗೊತ್ತಾ? ಯಾವ ಪಿಕಪ್ಪೂ ಇಲ್ಲದಾಗ ಮೀಟರ್‌ಗೆ ಕಾಣೋದು ನಿಮ್ಮ 250 ಕೆ ವಾಲ್ಯೂಮ್ ಪಾಟ್ ಮಾತ್ರ. ಅಂದರೆ ಜ್ಯಾಕ್, ಅದರ ವೈರ್, ಪಾಟ್ ಮೂರೂ ಬದುಕಿವೆ. ತಪ್ಪು ಸ್ವಿಚ್ಚಿಂದ ಆಚೆ. ಸ್ವಿಚ್ಚೋ, ನೆಕ್ ಪಿಕಪ್ಪಿನ ವೈರೋ, ಪಿಕಪ್ಪೋ, ಇಷ್ಟೇ ಉಳಿದದ್ದು. ಒತ್ತಿದರೆ ಚರ್ ಅಂತ ಬರ್ತದೆ ಅಂದಿರಲ್ಲ, ನನ್ನ ದುಡ್ಡು ಸ್ವಿಚ್ ಮೇಲೆ.

ಅಂದ ಹಾಗೆ, ಫೆಂಡರ್ 1954ರಲ್ಲಿ ಸ್ಟ್ರಾಟ್ ತಂದಾಗ ಸ್ವಿಚ್ಚಿಗೆ ಮೂರೇ ಪೊಸಿಷನ್ ಇತ್ತು. ನುಡಿಸೋರು ಅದನ್ನ ಮಧ್ಯೆ ಮಧ್ಯೆ ಸಿಕ್ಕಿಸಿ ಎರಡು ಪಿಕಪ್ ಒಟ್ಟಿಗೆ ಹಾಕಿಕೊಳ್ತಿದ್ದರು. 1977ರಲ್ಲಿ ಕಂಪನಿಯೇ ಐದರ ಸ್ವಿಚ್ ಕೊಟ್ಟಿತು. ಆ ಎರಡು ನಡುವಿನ ಪೊಸಿಷನ್ ಇಲ್ಲದಿದ್ದರೆ ಇವತ್ತು ಇಷ್ಟು ಸುಲಭಕ್ಕೆ ಹಿಡಿಯೋಕೆ ಆಗ್ತಿರಲಿಲ್ಲ.

ರೇಡಿಯೋ_ಮಾವ

ಸರಿ ಹೇಳಿದರು. ಇನ್ನು ಬಿಚ್ಚಬಹುದು.

ತಂತಿ ಸಡಿಲ ಮಾಡಿ ತೆಗೆದುಬಿಡಿ. ಟೇಬಲ್ ಮೇಲೆ ಹಳೇ ಟವೆಲ್ ಹಾಸಿ. ಪಿಕ್‌ಗಾರ್ಡ್ ಸ್ಕ್ರೂಗಳು ಸಾಮಾನ್ಯವಾಗಿ 11 ಇರ್ತವೆ, ಒಂದು ಬಟ್ಟಲಲ್ಲಿ ಹಾಕಿ. ಪಿಕ್‌ಗಾರ್ಡನ್ನು ಎಳೆಯಬೇಡಿ, ಜ್ಯಾಕಿನ ವೈರ್ ಗಿಡ್ಡ ಇರ್ತದೆ, ಪುಸ್ತಕ ತೆರೆದಂತೆ ಮೆಲ್ಲಗೆ ಮಗುಚಿ. ಏನೂ ಮುಟ್ಟುವ ಮೊದಲು ನಾಲ್ಕು ಕಡೆಯಿಂದ ಫೋಟೋ ತೆಗೀರಿ.

ನೆಕ್ ಪಿಕಪ್ಪಿನಿಂದ ಎರಡು ವೈರ್ ಬರ್ತವೆ, ಬಹಳಷ್ಟು ಗಿಟಾರ್‌ಗಳಲ್ಲಿ ಬಿಳಿ ಮತ್ತು ಕಪ್ಪು. ಕಪ್ಪು ವಾಲ್ಯೂಮ್ ಪಾಟ್‌ನ ಬೆನ್ನಿಗೆ ಹೋಗ್ತದೆ, ಬಿಳಿ ಸ್ವಿಚ್ಚಿನ ಒಂದು ಕಾಲಿಗೆ. ಮೀಟರ್ 20 ಕೆ, ಒಂದು ಪ್ರೋಬ್ ಆ ಕಾಲಿಗೆ, ಇನ್ನೊಂದು ಪಾಟ್‌ನ ಬೆನ್ನಿಗೆ. ಸ್ವಿಚ್ ಬ್ರಿಡ್ಜ್ ಕಡೆ ಇರಲಿ. 5–6 ಕೆ ಬಂದರೆ ಪಿಕಪ್ ಗಟ್ಟಿ, ಸ್ವಿಚ್ ಕೆಟ್ಟದ್ದು.

ಆಮೇಲೆ ಗಿಟಾರ್ ಮಗುಚಿ ಹಿಂದಿನ ಪ್ಲಾಸ್ಟಿಕ್ ಮುಚ್ಚಳ ತೆಗೀರಿ. ಸ್ಪ್ರಿಂಗ್‌ಗಳು ಸಿಕ್ಕಿಸಿದ ಒಂದು ಲೋಹದ ಪಟ್ಟಿ ಇರ್ತದೆ, ಅದರ ಮೇಲೊಂದು ವೈರ್ ಸೋಲ್ಡರ್ ಆಗಿರಬೇಕು, ಬ್ರಿಡ್ಜಿನ ಗ್ರೌಂಡ್ ವೈರ್ ಅದೇ. ಬೆರಳಿಂದ ಅಲ್ಲಾಡಿಸಿ ನೋಡಿ.

ನಾಪೋಕ್ಲು_ನೈಟ್ಸ್

ಮಾವ, ಹಿಂದಿನ ಮುಚ್ಚಳ ತೆಗೆದ ಕೂಡಲೇ ಸಿಕ್ಕಿತು. ಕಪ್ಪು ವೈರ್ ಸುಮ್ಮನೆ ಬಿದ್ದುಕೊಂಡಿದೆ. ಅದರ ತುದಿಯಲ್ಲಿ ಸೋಲ್ಡರ್‌ನ ಉಂಡೆ ಹಾಗೇ ಇದೆ, ಅಡಿಭಾಗ ಕನ್ನಡಿ ಹಾಗೆ ಚಪ್ಪಟೆ. ಪಟ್ಟಿಗೆ ಅಂಟಿಯೇ ಇರಲಿಲ್ಲ, ಮೇಲೆ ಕೂತಿತ್ತು ಅಷ್ಟೇ. ಪಟ್ಟಿಯ ಆ ಜಾಗದಲ್ಲಿ ಕಂದು ತುಕ್ಕು.

ನೆಕ್ ಪಿಕಪ್ 5.7 ಕೆ! ಸ್ವಿಚ್ ಮುಚ್ಚಿದ ಪೆಟ್ಟಿಗೆ ತರದ್ದು, ಒಂದೇ ಸಾಲಿನಲ್ಲಿ ಎಂಟು ಕಾಲು. ಟಾರ್ಚ್ ಹಾಕಿ ಸಂದಿಯಲ್ಲಿ ನೋಡಿದರೆ ಒಳಗಿನ ಪತ್ತಿ ಮೇಲೆ ಹಸಿರು ಕಿಲುಬು ಕಾಣ್ತದೆ.

ಪಟ್ಟಿಗೆ ಸೋಲ್ಡರ್ ಹಾಕೋಕೆ ನೋಡಿದೆ, ಹಿಡೀತಿಲ್ಲ. ಕರಗಿ ಮಣಿಯಾಗಿ ಉರುಳಿ ಬೀಳ್ತದೆ.

ರೇಡಿಯೋ_ಮಾವ

25 ವ್ಯಾಟ್‌ನಲ್ಲಿ ಅದು ಹಿಡಿಯೋದಿಲ್ಲ. ಐರನ್ ಮೂತಿ ಎಷ್ಟು ಬಿಸಿ ಕೊಡ್ತದೋ ಅಷ್ಟನ್ನೂ ಆ ದಪ್ಪ ಪಟ್ಟಿ ಕುಡಿದು ಸ್ಪ್ರಿಂಗ್‌ಗಳಿಗೆ ದಾಟಿಸ್ತದೆ. ಕಂಪನಿಯಲ್ಲೂ ಅವಸರದಲ್ಲಿ ಇದೇ ಆದದ್ದು. ಕೆಳಗಿನ ಲೋಹ ಕಾಯದೆ ಮೇಲೆ ಸೋಲ್ಡರ್ ಕರಗಿಸಿ ಇಟ್ಟರು, ಬೇಸಿಗೆಯಲ್ಲಿ ತಾಗಿಕೊಂಡಿತ್ತು, ಮಳೆಗೆ ನಡುವೆ ತುಕ್ಕು ಬಂದು ಬಿಡಿಸಿಕೊಂಡಿತು.

60 ವ್ಯಾಟ್‌ನದ್ದು ಯಾರ ಹತ್ತಿರವಾದರೂ ಕೇಳಿ ತನ್ನಿ, ಅಗಲ ಮೂತಿ ಇರಲಿ. ಜಾಗವನ್ನು ಫೈಲ್‌ನಿಂದ ಹೊಳೆಯುವ ತನಕ ಉಜ್ಜಿ. 60/40 ರೋಸಿನ್ ಕೋರ್ ಸೋಲ್ಡರ್ ವೈರ್ ಸಾಕು. ಮೂತಿಯನ್ನು ಪಟ್ಟಿಗೆ ಒತ್ತಿ ಹಿಡಿದು, ಸೋಲ್ಡರನ್ನು ಮೂತಿಗಲ್ಲ, ಪಟ್ಟಿಗೆ ತಾಗಿಸಿ. ಪಟ್ಟಿಯ ಬಿಸಿಗೇ ಕರಗಿ ನೀರಿನಂತೆ ಹರಡಬೇಕು, ಆಗ ವೈರ್ ಇಡಿ. ತಣಿಯುವ ತನಕ ಅಲ್ಲಾಡಿಸಬಾರದು. ಆಸಿಡ್ ಫ್ಲಕ್ಸ್ ಮಾತ್ರ ಬೇಡ, ತಗಡಿನ ಕೆಲಸದವರು ಬಳಸೋದು. ಅದು ನಮ್ಮ ಹವೆಯಲ್ಲಿ ಒಳಗೊಳಗೇ ತಿಂದು ಹಾಕ್ತದೆ.

60 ವ್ಯಾಟ್ ಸಿಗದಿದ್ದರೆ ಸೋಲ್ಡರೇ ಬೇಡ. ವೈರಿಗೆ ರಿಂಗ್ ಲಗ್ ಹಾಕಿ, ಪಟ್ಟಿಯನ್ನು ಮರಕ್ಕೆ ಹಿಡಿದಿರುವ ಉದ್ದ ಸ್ಕ್ರೂವಿನ ತಲೆ ಅಡಿ ಸಿಕ್ಕಿಸಿ ಬಿಗಿ ಮಾಡಿ. ನೋಡೋಕೆ ಚೆಂದ ಇಲ್ಲ, ಕೆಲಸ ನೂರಕ್ಕೆ ನೂರು.

ಪೊನ್ನಂಪೇಟೆ_ಪೆಂಟಟೋನಿಕ್

ಹಾಗೇ ಒಳಗೆಲ್ಲ ಅಡುಗೆಮನೆ ಅಲ್ಯೂಮಿನಿಯಂ ಫಾಯಿಲ್ ಅಂಟಿಸಿಬಿಡಿ ಅಣ್ಣ. ಯೂಟ್ಯೂಬ್‌ನಲ್ಲಿ ಹಮ್ ಪೂರ್ತಿ ಹೋಗ್ತದೆ ಅಂತಾರೆ.

ಆರು_ತಂತಿ

ಪೂರ್ತಿ ಹೋಗೋದಿಲ್ಲ. ಫಾಯಿಲ್ ತಡೆಯೋದು ಎಲೆಕ್ಟ್ರಿಕ್ ಫೀಲ್ಡ್‌ನಿಂದ ಬರುವ ಬಝ್ ಮಾತ್ರ. ಟ್ರಾನ್ಸ್‌ಫಾರ್ಮರ್, ಟ್ಯೂಬ್‌ಲೈಟ್ ಚೋಕ್‌ನಿಂದ ಬರುವ 50 ಹರ್ಟ್ಸ್‌ನ ಮ್ಯಾಗ್ನೆಟಿಕ್ ಹಮ್ಮನ್ನು ಸಿಂಗಲ್ ಕಾಯಿಲ್ ಹಿಡಿದೇ ಹಿಡೀತದೆ. ಅದನ್ನು ಕಳೆಯೋಕೇ ಎರಡು ಕಾಯಿಲ್ ಎದುರುಬದುರು ಕೂರಿಸಿ ಹಂಬಕರ್ ಮಾಡಿದ್ದು. ಬಹಳಷ್ಟು ಸ್ಟ್ರಾಟ್‌ಗಳಲ್ಲಿ ಮಿಡಲ್ ಪಿಕಪ್ಪನ್ನು ಉಲ್ಟಾ ಸುತ್ತಿರ್ತಾರೆ, ಅದಕ್ಕೇ ಎರಡು ಮತ್ತು ನಾಲ್ಕನೇ ಪೊಸಿಷನ್‌ನಲ್ಲಿ ಹಮ್ ಕಮ್ಮಿ.

ಇನ್ನು ಅಲ್ಯೂಮಿನಿಯಂಗೆ ಸೋಲ್ಡರ್ ಹಿಡಿಯೋದಿಲ್ಲ, ಗ್ರೌಂಡಿಗೆ ಸೇರಿಸದ ಫಾಯಿಲ್‌ನಿಂದ ಪ್ರಯೋಜನವೂ ಇಲ್ಲ. ಹಾಕೋದಾದರೆ ತಾಮ್ರದ ಟೇಪ್, ಅಂಟೂ ಕರೆಂಟ್ ಹಾಯುವಂಥದ್ದು. ಜ್ಯಾಕಿನ ಗುಳಿಯಲ್ಲಿ ಹುಷಾರು. ಪಿನ್ ಚುಚ್ಚಿದಾಗ ಟಿಪ್‌ನ ಪತ್ತಿ ಹಿಂದಕ್ಕೆ ಬಾಗಿ ಟೇಪಿಗೆ ತಾಗಿದರೆ ಗಿಟಾರ್ ಪೂರ್ತಿ ಮೌನ. ಅಲ್ಲಿ ಇನ್ಸುಲೇಷನ್ ಟೇಪ್ ಹಾಕ್ಬೇಕು.

ಫೇಸ್_ನ್ಯೂಟ್ರಲ್

ಹಮ್ ವಿಷಯ ಬಂದದ್ದಕ್ಕೆ: ಕರೆಂಟ್ ಹೋದಾಗ ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ ಆಂಪ್ ಹಾಕಿ ಗಿಟಾರ್ ಕೆಟ್ಟಿದೆ ಅನ್ನಬೇಡಿ. ಅದರ ಬಝ್ ಎಲ್ಲ ಪಿಕಪ್‌ಗೂ ಹೊಕ್ಕೇ ಹೊಗ್ತದೆ. ಫ್ಯಾನ್ ರೆಗ್ಯುಲೇಟರ್, ಅಗ್ಗದ ಎಲ್‌ಇಡಿ ಬಲ್ಬ್ ಕೂಡ ಹಾಗೇ. ಆಫ್ ಮಾಡಿ ವ್ಯತ್ಯಾಸ ಕೇಳಿ.

ಮತ್ತೆ ಹಮ್ ಕಮ್ಮಿಯಾಗಲಿ ಅಂತ ಪ್ಲಗ್ಗಿನ ಅರ್ತ್ ಪಿನ್ ಮುರಿಯೋರನ್ನ ಆರ್ಕೆಸ್ಟ್ರಾದವರಲ್ಲಿ ನೋಡಿದ್ದೇನೆ. ದಯವಿಟ್ಟು ಬೇಡ.

ಬೆಂಗಳೂರು_ಕೊಡಗಿನವ

ಸ್ವಿಚ್ ಬೇಕಾದರೆ ಹೇಳಿ, ನಾನು ಎಸ್.ಪಿ. ರೋಡ್ ಕಡೆ ಹೋಗ್ತಾ ಇರ್ತೇನೆ. ಪಾಟ್, ಕೆಪಾಸಿಟರ್, ವೈರ್ ಅಲ್ಲಿ ರಾಶಿ ಸಿಗ್ತದೆ. ಗಿಟಾರ್ ಸ್ವಿಚ್ ಆನ್‌ಲೈನ್‌ನಲ್ಲೇ ತರಿಸ್ಬೇಕು.

ತರಿಸುವ ಮೊದಲು ಅಳತೆ ತಗೊಳ್ಳಿ. ಅಮೆರಿಕದ ದೊಡ್ಡ ಪಾಟ್‌ನ ಕುತ್ತಿಗೆ ಸುಮಾರು 9.5 ಮಿ.ಮೀ., ನಿಮ್ಮ ಪಿಕ್‌ಗಾರ್ಡಿನ ತೂತು ಚಿಕ್ಕದಿದ್ದರೆ ತೂರೋದಿಲ್ಲ. ಸ್ವಿಚ್ ಹಿಡಿಯ ದಪ್ಪವೂ ಬೇರೆ ಬೇರೆ, ಹಳೇ ಟೋಪಿ ಕೂರದೇ ಇರಬಹುದು. ಪಾಟ್ ಮೇಲೆ ಎ250ಕೆ ಇದ್ದರೆ ಲಾಗ್, ಬಿ250ಕೆ ಇದ್ದರೆ ಲೀನಿಯರ್. 250 ಸಿಗದಿದ್ದರೆ ರೇಡಿಯೋ ಅಂಗಡಿಯ 220 ಕೆ ನಡೀತದೆ, ಕಿವಿಗೆ ವ್ಯತ್ಯಾಸ ಗೊತ್ತಾಗೋದಿಲ್ಲ. ಟೋನ್ ಕೆಪಾಸಿಟರ್ ಮೇಲೆ 223 ಅಂದರೆ 0.022 ಮೈಕ್ರೋಫ್ಯಾರಡ್, 473 ಅಂದರೆ 0.047. "ವಿಂಟೇಜ್ ಕೆಪಾಸಿಟರ್" ಅಂತ ಸಾವಿರ ರೂಪಾಯಿ ಕೀಳೋರಿಗೆ ಕೊಡಬೇಡಿ.

ರೇಡಿಯೋ_ಮಾವ

ಸ್ವಿಚ್ ಬರುವ ತನಕ ಒಂದು ಉಪಾಯ. ಹಳೇ ಸ್ವಿಚ್ಚಿನ ಸಂದಿಗೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಐವತ್ತು ಸಲ ಆಚೆ ಈಚೆ ಆಡಿಸಿ. ಕಿಲುಬು ತೆಳ್ಳಗಿದ್ದರೆ ಬದುಕ್ತದೆ. ಬದುಕದಿದ್ದರೆ ನೆಕ್ ಮತ್ತು ಮಿಡಲ್‌ನ ಬಿಳಿ ವೈರ್‌ಗಳನ್ನು ಸ್ವಿಚ್ಚಲ್ಲಿ ಅದಲುಬದಲು ಮಾಡಿ. ನೆಕ್ ಪಿಕಪ್ ನಡುವಿನ ಪೊಸಿಷನ್‌ನಲ್ಲಿ ನುಡೀತದೆ, ಕಾರ್ಯಕ್ರಮ ಕಳೀತದೆ.

ನಾಪೋಕ್ಲು_ನೈಟ್ಸ್

ಅಪ್‌ಡೇಟ್. ಪಕ್ಕದ ತೋಟದ ಮೋಟಾರ್ ರಿಪೇರಿಯವರ ಹತ್ತಿರ ದೊಡ್ಡ ಐರನ್ ಸಿಕ್ಕಿತು. ಪಟ್ಟಿ ಉಜ್ಜಿ ಕಾಯಿಸಿದ ಮೇಲೆ ಸೋಲ್ಡರ್ ಹರಡಿದ ರೀತಿಯೇ ಬೇರೆ. ತಂತಿಯಿಂದ ಜ್ಯಾಕಿಗೆ ಮೀಟರ್ ಬೀಪ್ ಅನ್ನುತ್ತದೆ. ತಂತಿ ಮುಟ್ಟಿದರೆ ಗುಂಯ್ ತಗ್ಗುತ್ತದೆ. ಕ್ಲೀನರ್ ಹೊಡೆದ ಮೇಲೆ ವಾಲ್ಯೂಮ್ ಕರಕರ ಇಲ್ಲ. ನಾಲ್ಕನೇ ಪೊಸಿಷನ್ 2.9, ನೆಕ್ 5.6. ಆದರೂ ಸ್ವಿಚ್ ಒಮ್ಮೊಮ್ಮೆ ಮುನಿಸಿಕೊಳ್ತದೆ, ಹೊಸದು ಆರ್ಡರ್ ಹಾಕಿದೆ. ರೂಮಿನ ಸಾಕೆಟ್‌ಗೆ ಅರ್ತ್ ವೈರ್ ಎಳೆಸುವುದು ಮಳೆ ಬಿಟ್ಟ ಮೇಲೆ, ಅಲ್ಲಿ ತನಕ ಹಾಲ್‌ನಲ್ಲೇ ಅಭ್ಯಾಸ. ಮನೆಯವರಿಗೆ ಖುಷಿ ಇಲ್ಲ.

ಮತ್ತೆ ಕಿಲುಬು ಬಾರದ ಹಾಗೆ ಗಿಟಾರ್ ಇಡೋದು ಎಲ್ಲಿ? ಅಮ್ಮ ಒಲೆ ಮೇಲಿನ ಅಟ್ಟದಲ್ಲಿ ಇಡು ಅಂತಾರೆ.

ಆರು_ತಂತಿ

ಅಟ್ಟ ಬೇಡ! ಹೊಗೆ, ಬಿಸಿ ಎರಡಕ್ಕೂ ಮರ ಸೆಟೆದುಕೊಳ್ತದೆ. ಬಟ್ಟೆ ಬೂಸಲು ಹಿಡಿಯದಿರಲಿ ಅಂತ ಬೀರುವಿನಲ್ಲಿ ಸಣ್ಣ ಫಿಲಮೆಂಟ್ ಬಲ್ಬ್ ಉರಿಸ್ತೇವಲ್ಲ, ಅದೇ ಬೀರು ಸಾಕು, ಬಲ್ಬಿಗೂ ಗಿಟಾರ್‌ಗೂ ದೂರ ಇರಲಿ. ಬ್ಯಾಗಿನಲ್ಲಿ ಇಡೋದಾದರೆ ಸಿಲಿಕಾ ಜೆಲ್ ಹಾಕಿ, ಬಣ್ಣ ತಿರುಗಿದಾಗ ಬಿಸಿ ಮಾಡಿ ಒಣಗಿಸಿ. ಆಮೇಲೆ ವಾರಕ್ಕೆ ಒಮ್ಮೆಯಾದರೂ ಸ್ವಿಚ್ಚು, ಗುಂಡಿ ಎಲ್ಲ ಆಡಿಸಿ. ಆಡದ ಕಾಂಟ್ಯಾಕ್ಟ್‌ಗೇ ಕಿಲುಬು ಬೇಗ.

ಪೊನ್ನಂಪೇಟೆ_ಪೆಂಟಟೋನಿಕ್

ಇದೇ ಗ್ಯಾಪಲ್ಲಿ ನಂದೊಂದು. ಸೆಕೆಂಡ್ ಹ್ಯಾಂಡ್ ಹಂಬಕರ್ ತಗೊಂಡೆ, ನಾಲ್ಕು ಬಣ್ಣದ ವೈರ್ ಪ್ಲಸ್ ಒಂದು ಬರಿ ತಂತಿ. ಯಾವುದು ಎಲ್ಲಿಗೆ?

ಆರು_ತಂತಿ

ಕಂಪನಿ ಮೇಲೆ ಹೋಗ್ತದೆ. ಸೆಮೋರ್ ಡಂಕನ್ ಆದರೆ ಕಪ್ಪು ಸಿಗ್ನಲ್, ಕೆಂಪು ಬಿಳಿ ಎರಡನ್ನೂ ಹೆಣೆದು ಟೇಪ್ ಸುತ್ತು, ಹಸಿರು ಮತ್ತು ಬರಿ ತಂತಿ ಗ್ರೌಂಡಿಗೆ. ಡಿಮಾರ್ಜಿಯೋ ಆದರೆ ಕೆಂಪು ಸಿಗ್ನಲ್, ಕಪ್ಪು ಬಿಳಿ ಹೆಣೆಯೋದು, ಹಸಿರು ಮತ್ತು ಬರಿ ತಂತಿ ಗ್ರೌಂಡಿಗೆ. ಹಿಂದೆ ಹೆಸರೇ ಇಲ್ಲದಿದ್ದರೆ ಬಣ್ಣ ನಂಬಬೇಡ, ಮೀಟರ್ ಇಟ್ಟು ಯಾವ ಎರಡು ವೈರ್ ಮಧ್ಯೆ ರೀಡಿಂಗ್ ಬರ್ತದೆ ಅಂತ ಜೋಡಿ ಹುಡುಕು. ಫೋಟೋ ಮತ್ತು ಅಂಕಿ ಹಾಕಿ ಹೊಸ ಥ್ರೆಡ್ ತೆರೆ ಮಾರಾಯ, ಇದು ನಾಪೋಕ್ಲಿನವರದ್ದು.